ಸರಿ ಗುರುತಿಲ್ಲದ ಪುಸ್ತಕ

ಮೂವತ್ತಾರು ಪುಸ್ತಕ. ಮೂವತ್ತೈದರಲ್ಲಿ
ಹಲ್ಲು ದಿನಕ್ಕೆರಡು ಸಲ ಬೆಳ್ಳಗಾಗಿದೆ,
ನೀರು ಎಂಟು ಲೋಟ, ನಿದ್ದೆ ಒಂಬತ್ತು ತಾಸು,
ಒಂದೇ ಪೆನ್ನಿನಲ್ಲಿ, ಒಂದೇ ಸಂಜೆ ಕೂತು
ಏಳು ದಿನಕ್ಕೂ ಎಳೆದ ಸರಿ ಗುರುತು.
ನನಗೆ ಗೊತ್ತಾಗುತ್ತದೆ. ನಾನೂ ಹಾಗೇ ಎಳೆದವಳು.

ಯೆಸುಯಿಯ ಪುಸ್ತಕದಲ್ಲಿ ಮಾತ್ರ
ಅಕ್ಷರ ಚೌಕದೊಳಗೆ ಹಿಡಿಸದೆ
ಅಂಚಿನ ತನಕ ಹರಿದಿದೆ.

ಸೋಮವಾರ. ಎಷ್ಟು ಲೋಟ ನೀರು ಕುಡಿದೆ?
'ಟೀಚರ್, ಲೋಟದಲ್ಲಿ ಎಣಿಸಲು ಆಗಲಿಲ್ಲ.
ನೀರು ಮಾರುವ ಗೂಡಿನಿಂದ ಗುಡ್ಡದ ಮೇಲಿನ ನಮ್ಮ ಗೆರ್‌ವರೆಗೆ
ಕೈಗಾಡಿಯಲ್ಲಿ ಎರಡು ಕ್ಯಾನು. ಒಂದು
ಹೆಪ್ಪುಗಟ್ಟಿದ ಇಳಿಜಾರಿನಲ್ಲಿ ಉರುಳಿಹೋಯಿತು.
ಉಳಿದದ್ದರಲ್ಲಿ ಚಹಾ ಆಯಿತು.
ಉಪ್ಪು ಹಾಕಿದ ಹಾಲಿನ ಚಹಾ ನೀರಿನ ಲೆಕ್ಕಕ್ಕೆ ಬರುತ್ತದೆಯೇ?
ಬಂದರೆ ಆರು ಬಟ್ಟಲು.'

ಮಂಗಳವಾರ. ಮಲಗುವ ಕೋಣೆಯ ಕಿಟಕಿ ತೆರೆದೆಯಾ?
'ನಮ್ಮದು ಒಂದೇ ಕೋಣೆ, ಅದೂ ದುಂಡಗೆ.
ಉಣ್ಣೆಯ ಗೋಡೆಗೆ ಕಿಟಕಿ ಎಲ್ಲಿಂದ?
ನೆತ್ತಿಯಲ್ಲಿ ಟೋನೋ ಇದೆ.
ಅಜ್ಜಿ ಹಗ್ಗ ಎಳೆದು ಮುಚ್ಚಳದ ಬಟ್ಟೆ ಸರಿಸಿದರು.
ಒಳಗೆ ಇಳಿದದ್ದು ಗಾಳಿಯಲ್ಲ,
ಓಣಿಯ ಒಲೆಗಳೆಲ್ಲ ಕೂಡಿ ಉಗುಳಿದ ಕಲ್ಲಿದ್ದಲ ಹೊಗೆ.
ತಮ್ಮ ತೆಮುಲೆನ್ ಕೆಮ್ಮಿದ. ಮುಚ್ಚಿದೆವು.
ಇದು ಸರಿಯೋ ತಪ್ಪೋ, ನೀವೇ ಹಾಕಿ.'

ಕೆಂಪು ಪೆನ್ನು ಕೈಯಲ್ಲೇ ಇತ್ತು.
ಹಾಕಲಿಲ್ಲ.

ಬುಧವಾರ ಏನೂ ಬರೆದಿಲ್ಲ. ಹಾಳೆಯ ಮೂಲೆಯಲ್ಲಿ
ಹೆಬ್ಬೆರಳಿನ ಮಸಿ, ಅಷ್ಟೆ.

ಗುರುವಾರದ್ದು ಉದ್ದ.
ಅಂದೇ ನಾನು ಹಲಗೆಯ ಮೇಲೆ ಬರೆದಿದ್ದೆ:
ಇಪ್ಪತ್ತು ಎಣಿಸುವ ತನಕ ಕೈ ತೊಳೆಯಿರಿ.
ಪಕ್ಕದಲ್ಲಿ ನಲ್ಲಿಯ ಚಿತ್ರ.
ಸೀಮೆಸುಣ್ಣದ ನೀರು ಧಾರಾಳವಾಗಿ ಸುರಿಯುತ್ತಿತ್ತು.

'ಅಜ್ಜ ಬಾಯಿ ತುಂಬ ನೀರು ಹಿಡಿದು
ತುಟಿಯಿಂದ ಎಳೆ ಎಳೆಯಾಗಿ ಅಂಗೈಗೆ ಬಿಟ್ಟುಕೊಂಡು
ಒಂದೇ ಗುಟುಕಿನಲ್ಲಿ ಕೈ, ಮುಖ, ಕತ್ತು ಮುಗಿಸುತ್ತಾರೆ.
ಗೋಬಿಯಲ್ಲಿ ಕುರಿ ಕಾದವರು.
ನಾನು ಗೋಡೆಯ ತೊಟ್ಟಿಯ ತಳದ ಕಡ್ಡಿ ಎತ್ತಿ ಹಿಡಿದೆ,
ಹನ್ನೊಂದಕ್ಕೆ ನೀರು ಮುಗಿಯಿತು.
ಅಜ್ಜ ನಕ್ಕರು. ಎಣಿಕೆ ಉಜ್ಜುವುದಕ್ಕೋ ಸುರಿಯುವುದಕ್ಕೋ,
ಕೇಳಿಕೊಂಡು ಬಾ ಅಂದರು.'

ಉಜ್ಜುವುದಕ್ಕೆ, ಯೆಸುಯಿ. ಉಜ್ಜುವುದಕ್ಕೆ.
ಹದಿನೆಂಟು ವರ್ಷದಿಂದ ಇದೇ ಪಾಠ,
ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಶುಕ್ರವಾರ:
'ಕೇಳಲು ನಾಚಿಕೆಯಾಯಿತು. ಮಾಡಿಯೇ ನೋಡಿದೆ.
ಒದ್ದೆ, ಸೋಪು, ಕಡ್ಡಿ ಬಿಟ್ಟು ಇಪ್ಪತ್ತು,
ಕೊನೆಗಷ್ಟೇ ಮತ್ತೆ ನೀರು. ಅರ್ಧ ತೊಟ್ಟಿ ಉಳಿಯಿತು!
ತೆಮುಲೆನ್‌ಗೂ ಕಲಿಸಿದೆ. ಅವನಿಗೆ ಇಪ್ಪತ್ತು ಬಾರದು,
ಹತ್ತನ್ನೇ ಎರಡು ಸಲ ಎಣಿಸುತ್ತಾನೆ.'

ಶನಿವಾರ, ನಿದ್ದೆ:
'ಮೊದಲು ಐದು ತಾಸು. ಅಮ್ಮ ಬ್ರೆಡ್ ಕಾರ್ಖಾನೆಯಿಂದ ಬಂದು
ಬೂಟು ಕಳಚಿದ ಸದ್ದಾದ ಮೇಲೆ ಇನ್ನೆರಡು.
ಆ ಎರಡರಲ್ಲೇ ನಿದ್ದೆ ಬಂದದ್ದು.'

ಭಾನುವಾರ ಕೊನೆಯ ಪ್ರಶ್ನೆ.
ನಾಳೆಯಿಂದ ಬದಲಾಗಬೇಕಾದ ಒಂದು ಅಭ್ಯಾಸ?
ಯಾರದ್ದೆಂದು ನಾನು ಬರೆದಿರಲಿಲ್ಲ.
'ಟೀಚರ್, ನೀವು ಮಧ್ಯಾಹ್ನ ಊಟ ಮಾಡಿದ್ದನ್ನು
ನಮ್ಮ ತರಗತಿಯಲ್ಲಿ ಯಾರೂ ನೋಡಿಲ್ಲ.'

ರಾತ್ರಿ ಹತ್ತೂವರೆ. ಉಲಾನ್‌ಬಾತರ್‌ನ ಐದನೇ ಮಹಡಿ.
ಕೊಳವೆಯೊಳಗೆ ಬಿಸಿನೀರು ಗೊಣಗುತ್ತಿದೆ.
ಮೇಜಿನ ಮೇಲೆ ಬಿಸ್ಕತ್ತಿನ ಪುಡಿ, ನನ್ನ ಇಂದಿನ ಊಟ.

ಎದ್ದೆ. ನಲ್ಲಿ ತಿರುಗಿಸಿದೆ, ಕೈ ಒದ್ದೆಯಾದೊಡನೆ ನಿಲ್ಲಿಸಿದೆ.
ಹತ್ತು. ಮತ್ತೆ ಹತ್ತು.
ಒಲೆಯ ಮೇಲೆ ನಿನ್ನೆಯ ಕುರಿಮಾಂಸದ ಸಾರು
ಕುದಿಯಲು ತಡಮಾಡುತ್ತಿತ್ತು.
ಅಷ್ಟರಲ್ಲಿ ಪುಸ್ತಕ ತೆಗೆದು ಸೋಮವಾರದ ಕೆಳಗೆ ಬರೆದೆ:

ಚಹಾ ಲೆಕ್ಕಕ್ಕೆ ಬರುತ್ತದೆ.
ಉಪ್ಪು ಸ್ವಲ್ಪ ಕಡಿಮೆ ಮಾಡಿ ಎಂದು ಅಜ್ಜಿಗೆ ಹೇಳು.
ಮೆಲ್ಲಗೆ ಹೇಳು.
ನನ್ನ ಅಮ್ಮನಿಗೆ ಹೇಳಲು ನನಗೇ ಇನ್ನೂ ಧೈರ್ಯ ಬಂದಿಲ್ಲ.