ಕಾಲು ಸುತ್ತು

ಪಾಲಯ್ಯನವರು ಬಂದಾಗ ಕರೆಂಟಿರಲಿಲ್ಲ.
ತಿರುಗುತ್ತಿದ್ದ ಚಕ್ಕು ತನ್ನಷ್ಟಕ್ಕೆ ನಿಧಾನಿಸಿ
ಹಲ್ಲು ಕಚ್ಚಿಕೊಂಡೇ ನಿಂತಿತ್ತು.
ಹಳೇ ಕಾಟನ್ ಮಿಲ್ಲಿನ ಗೋಡೆ ನಮ್ಮ ಶೆಡ್ಡಿಗೆ
ಕಡ ಕೊಟ್ಟ ನೆರಳಲ್ಲಿ ಬೆವರೊರೆಸುತ್ತ
ಮಂಡಕ್ಕಿ ಕವರೊಂದನ್ನು ಬೆಂಚಿನ ಮೇಲೆ ಸುರಿದರು.
ಮಂಡಕ್ಕಿಯಲ್ಲ. ಹಿತ್ತಾಳೆ.
ಪಿಸ್ತೂಲಿನ ಖಾಲಿ ತೋಟಾಗಳು, ಒಂದೊಂದೂ ಕಿರುಬೆರಳ ತುದಿಯಷ್ಟು.

ಮೂವತ್ತೆರಡು ವರ್ಷ ಮೀಸಲು ಪಡೆಯ ಆಯುಧಖಾನೆಯಲ್ಲಿದ್ದವರು,
ಈಗ ರೈಫಲ್ ಸಂಘದಲ್ಲಿ ಲೈಸೆನ್ಸಿನ ಲೆಕ್ಕ,
ಮದ್ದಿನ ಲೆಕ್ಕ, ಬೀಗದ ಕೈ.
"ಚೆಕ್ ನಟ್ಟು ಸವ್ದೈತಿ ದಾದಾಪೀರ್,
ಡೈ ನಿಂತಲ್ಲಿ ನಿಲ್ವಲ್ದು."

ತುಕ್ಕಿನ ಡಬ್ಬಿಯಲ್ಲಿ ಏಳು ಸೂತಿನದೊಂದು ಸಿಕ್ಕಿತು.
ಅರ ಹಿಡಿದು ಉಜ್ಜಿದೆ. ಅವರು ತಂದ ಕೈಒತ್ತು ಯಂತ್ರವನ್ನು
ವೈಸಿನ ಪಕ್ಕ ಬೋಲ್ಟು ಹಾಕಿ ನಿಲ್ಲಿಸಿದೆ.
ಕೆಲಸ ಮುಗಿಯಿತೆಂದುಕೊಂಡೆ.

ಅವರು ಏಳಲಿಲ್ಲ.
"ಇನ್ನೊಂದು ಐತಿ," ಅಂದರು, ನೆಲ ನೋಡುತ್ತ.
"ಮೊಳಕಾಲ್ಮುರಿನ ಹುಡುಗಿ, ತಿಪ್ಪಕ್ಕ ಅಂತ, ಪೇದೆ.
ಹತ್ತು ಹಾರಿಸಿದ್ರೆ ಎಂಟು ಒಂದೇ ರೂಪಾಯಿ ಅಗಲದಾಗೆ,
ಎರಡು ಎತ್ಲಾಗೋ.
ಬೆದರ್ತೀಯ, ಕಣ್ಣು ಮುಚ್ತೀಯ ಅಂತ
ಎಲ್ರೂ ಬೈದ್ರು. ನಾನೂ ಬೈದೆ.
ಮೊನ್ನೆ ರಾತ್ರಿ ಉಳಿದ ತೋಟಾ ಕ್ಯಾಲಿಪರ್ ಹಿಡಿದು ಅಳೆದೆ."

ಕೈ ಮುಂದೆ ಚಾಚಿದರು.
ಎಲೆ ಅಲುಗಿದಂತೆ ಅಲುಗುತ್ತಿತ್ತು, ಗಾಳಿಯಿರಲಿಲ್ಲ.

"ನಿನ್ನ ಬೆರಳು ಕೊಡು."

ಕೊಟ್ಟೆ.
ಮದ್ದಿಲ್ಲದ, ಕೇಪಿಲ್ಲದ ಬರೀ ಹಿತ್ತಾಳೆ ಒಂದನ್ನು ಇಟ್ಟು
ಹಿಡಿ ಒತ್ತಿಸಿದರು. ಬಾಯಿ ತಾಗುವವರೆಗೆ ಡೈ ಇಳಿಸು.
ತಾಗಿತೇ? ತಾಗಿತು. ಹಾಗಾದರೆ ಮೇಲೆ ಬಾ, ಪೂರಾ ಒಂದು ಸುತ್ತು.
ಈಗ ಒಳಗಿನ ಕಡ್ಡಿ ಇಳಿಸು, ಸೀಸವನ್ನು ಕೂರಿಸು.
ಅಳೆ. ಇನ್ನೊಂದು ಕೂದಲೆಳೆ. ಅಳೆ.

ನಾನು ಹುಷಾರಾದವನಂತೆ
ಕೂರಿಸುತ್ತಲೇ ಬಿಗಿಯೋಣವೆಂದೆ, ಒಂದೇ ಏಟಿಗೆ ಎರಡು ಕೆಲಸ.
ಪಾಲಯ್ಯ ನಕ್ಕದ್ದು ಆಗ, ಅದೊಂದೇ ಸಲ.
"ಕೂತ್ಕೊಳ್ಳೋ ಮೊದ್ಲೇ ಕುತ್ತಿಗೆ ಹಿಡಿದ್ರೆ
ಯಾರು ನೆಟ್ಟಗೆ ಕೂತಾರು?
ಕೂರ್ಸೋದು ಬ್ಯಾರೆ, ಬಿಗಿಯೋದು ಬ್ಯಾರೆ."

ಕಡ್ಡಿ ಮೇಲೆತ್ತಿದೆ, ಸೀಸ ಮುಟ್ಟದಷ್ಟು.
ಡೈ ಇಳಿಸಿದೆ. ಅರಳಿದ್ದ ಬಾಯಿ
ಮುಚ್ಚೀತೋ ಮುಚ್ಚದೋ ಅನ್ನುವಲ್ಲಿ
ಉತ್ಸಾಹ ಬಂತು, ಇನ್ನರ್ಧ ತಿರುಗಿಸಿದೆ.
ಹೊರಬಂದದ್ದು ಬಸುರಿಯಂತೆ ಸೊಂಟ ಉಬ್ಬಿಸಿಕೊಂಡಿತ್ತು.
ಅವರ ಚೀಲದಲ್ಲಿದ್ದ ಬಿಡಿ ನಳಿಗೆಗೆ ಹಾಕಿದರೆ
ಅರ್ಧಕ್ಕೇ ಕಚ್ಚಿಕೊಂಡಿತು.
"ನಂದೂ ಹಿಂಗೇ ಆಗಿತ್ತು. ಒಂದು ಹಿಂಗೆ, ಇನ್ನೊಂದು ಸಡ್ಲ."
ಅಷ್ಟೇ ಅಂದರು.

ಬೇರಿಂಗು ಕೂರಿಸಿದ್ದೇನೆ, ಬುಷ್ ಹೊಡೆದಿದ್ದೇನೆ,
ಟ್ರ್ಯಾಕ್ಟರಿನ ಆಕ್ಸಲ್ಲಿಗೆ ಬೆಂಕಿ ತೋರಿಸಿ ಕಾಲರು ಏರಿಸಿದ್ದೇನೆ;
ಬಿಗಿ ಅಂದರೆ ನನಗೆ ಸುತ್ತಿಗೆಯ ಸದ್ದು ಬದಲಾಗುವುದು.
ಇಲ್ಲಿ ಸದ್ದೇ ಇಲ್ಲ.
ಕಾಲು ಸುತ್ತು. ಅದರ ಕಾಲು.
ಬೆರಳ ತುದಿಗೆ ಎಲ್ಲೋ ಒಂದು ಹಿಂಜರಿಕೆ
ತಿಳಿದಂತಾಗಿ ನಿಂತೆ.

ಹೆಬ್ಬೆಟ್ಟಿಂದ ಸೀಸವನ್ನು ಅದುಮಿ ನೋಡಿದರು. ಜಗ್ಗಲಿಲ್ಲ.
ನಳಿಗೆಗೆ ಬಿಟ್ಟರು.
ಟಣ್.
ಬೋರಲು ಮಾಡಿದರೆ ತಾನೇ ಅಂಗೈಗೆ ಜಾರಿತು.
ಮೂರು ಸಲ ಹಾಗೆ ಮಾಡಿದರು,
ಮೂರನೆಯದು ಬರೀ ಸದ್ದು ಕೇಳಲಿಕ್ಕೆ.

ಚೆಕ್ ನಟ್ಟು ಬಿಗಿದೆ. ನಲವತ್ತು ರೂಪಾಯಿ ಕೊಟ್ಟರು.
"ಕಾಲು ಸುತ್ತಿಗೆ?" ಅಂದರು.
ಅದಕ್ಕೆ ರೇಟಿಲ್ಲವೆಂದೆ.
ಹಾಗಾದರೆ ಇದು ಇರಲಿ ಎಂದು ಆ ಸುಳ್ಳು ತೋಟಾವನ್ನು
ನನ್ನ ಡ್ರಿಲ್ ಬಿಟ್ಟುಗಳ ಟ್ರೇಯಲ್ಲಿ ನೆಟ್ಟಗೆ ನಿಲ್ಲಿಸಿ,
ತಿಪ್ಪಕ್ಕನಿಗೆ ಏನೆಂದು ಹೇಳಲಿ ಅಂತ ನನ್ನನ್ನು ಕೇಳಿದರು.
ಉತ್ತರಕ್ಕೆ ಕಾಯುವವರಂತೆ ಕವರು ಮಡಚಿದರು,
ಮತ್ತೆ ಮಡಚಿದರು.

ಅಷ್ಟರಲ್ಲಿ ಕರೆಂಟು ಬಂತು.
ಬಂದ್ ಮಾಡಲು ಮರೆತಿದ್ದ ಲೇತು
ತಾನೇ ಶುರುವಾಯಿತು.
ನಾನೇನೋ ಹೇಳಿದೆ. ಕೇಳಿಸಿತೋ ಇಲ್ಲವೋ,
ತಲೆಯಾಡಿಸಿ ಬಿಸಿಲಿಗಿಳಿದರು.