ಎಂಬತ್ತೇಳನೇ ಪುಟ

ಪುಸ್ತಕವನ್ನು ಬೆನ್ನ ಮೇಲೆ ನಿಲ್ಲಿಸಿ ಕೈಬಿಟ್ಟರೆ
ತಾನಾಗಿ ತೆರೆದುಕೊಳ್ಳುತ್ತದೆ
ಹೆಚ್ಚು ಸಲ ತೆರೆದ ಜಾಗಕ್ಕೆ.
ಅರಸೀಕೆರೆ ಸ್ಟೇಷನ್ ರಸ್ತೆಯಲ್ಲಿ ಇಪ್ಪತ್ತಾರು ವರ್ಷ
ದಿನಕ್ಕೆ ಎಂಟಾಣೆಯಂತೆ ಕಾದಂಬರಿ ಬಾಡಿಗೆ ಕೊಟ್ಟು,
ಬಿಚ್ಚಿದ್ದನ್ನು ದಬ್ಬಳದಲ್ಲಿ ಹೊಲಿದು
ನಾನು ಕಲಿತ ಶಾಸ್ತ್ರ ಇಷ್ಟೇ.

ನಾಯಕರ ವಿಷಯ ನನ್ನನ್ನು ಕೇಳಿ.
ಆರಡಿ ಎತ್ತರ, ಗುಂಗುರು ಕೂದಲು,
ಹಣೆಗೆ ಬೇಕೆಂದೇ ಬಿದ್ದ ಒಂದೆಳೆ:
ಆ ಪುಟಗಳೆಲ್ಲ ಇನ್ನೂ ಗರಿಗರಿ.
ಕುದುರೆಯಿಂದ ಇಳಿದವನು, ಜೀಪಿನಿಂದ ಇಳಿದವನು,
ಇಳಿದೊಡನೆ ಸಿಡುಕಿದವನು,
ಸಿಡುಕಿಗೊಂದು ಹಳೆಯ ನೋವು ಜೇಬಿನಲ್ಲಿಟ್ಟುಕೊಂಡವನು,
ಎಲ್ಲರನ್ನೂ ಒಂದೇ ಸಲ ಓದುತ್ತಾರೆ,
ಕೊಬ್ಬರಿ ಮಂಡಿಯಲ್ಲಿ ಹರಾಜು ಕೂಗುವ ವೇಗದಲ್ಲಿ.
ಮುತ್ತಿನ ಪುಟಕ್ಕೂ, ನೀವು ನಂಬಲಿಕ್ಕಿಲ್ಲ,
ಮೂಲೆಯಲ್ಲೊಂದು ಮಡಿಕೆ, ಅಷ್ಟೆ.

ಅಂಚುಗಳಲ್ಲಿ ಬೇರೆಯೇ ಕಥೆ ನಡೆಯುತ್ತಿತ್ತು.
ನರ್ಸ್ ಮಾರ್ಥಾಳ ಪೆನ್ಸಿಲು:
'ಇವನಿಗೆ ಜ್ವರ ಬಂದರೆ ಊರೆಲ್ಲ ಎದ್ದಿರಬೇಕು.'
ಕೆಳಗೆ ಟೈಲರ್ ದಿಲ್‌ಶಾದಳ ನೀಲಿ ಶಾಯಿ:
'ನೋಡಿದೊಡನೆ ಅವಳೆಲ್ಲ ಅರ್ಥವಾದಳಂತೆ.
ಟೇಪು ಹಿಡಿಯದೆ ರವಿಕೆ ಹೊಲಿಯುವವನು.'
ಕಾಯಿ ಸುಲಿಯುವ ತಾಯಮ್ಮನಿಗೆ ಅಕ್ಷರ ಬಾರದು.
ಮಗಳಿಂದ ಓದಿಸಿ ಕೇಳಿ, ಪುಸ್ತಕ ತಂದಿಟ್ಟು ಅಂದಳು:
'ಅವ್ನು ಮಾತಾಡೋದು ಚೆಂದಾಗೈತೆ ಕಣವ್ವ.
ಅವ್ಳು ಮಾತಾಡ್ವಾಗ ಏನ್ ಮಾಡ್ತಾನೆ?
ಅದ್ನೇ ಬರ್ದಿಲ್ವಲ್ಲ?'

ಮೂರು ಕಪಾಟು ತಡಕಿದೆ ಆ ಸಂಜೆ.
ಬರೆದಿರಲಿಲ್ಲ.

ಪಾಯಿಂಟ್ಸ್‌ಮನ್ ಹೇಮ್ಲಾನಾಯ್ಕ
'ಮನೆಯವಳಿಗೆ' ಎಂದು ಕಾದಂಬರಿ ಒಯ್ಯುತ್ತಿದ್ದ.
ಮನೆಯವಳು ತಾಂಡ್ಯದಲ್ಲಿ, ಇವನು ಕ್ವಾರ್ಟರ್ಸಿನಲ್ಲಿ;
ಎರಡು ಗೂಡ್ಸಿನ ನಡುವೆ ಓದುವವನು ಯಾರೆಂದು
ನಾನು ಕೇಳುತ್ತಿರಲಿಲ್ಲ.
ಒಮ್ಮೆ ಅವನ ಪಾಲಿಗೆ ಬಂದದ್ದು
ರಟ್ಟು ಹೋದ, ಹೆಸರು ಹೋದ ಒಂದು.
ಎಂಬತ್ತಾರನೇ ಪುಟದ ಕೊನೆಗೆ
'ಅವಳ ಓಲೆ ಕತ್ತಲಲ್ಲಿ ಕಳಚಿ ಬಿತ್ತು. ಅವನು'
ಆಮೇಲೆ ಎಂಬತ್ತೊಂಬತ್ತು. ಮದುವೆಯ ಚಪ್ಪರ.
ನಡುವಿನ ಹಾಳೆ ಯಾರೋ ಕಿತ್ತಿದ್ದರು.
ನನಗೆ ಗೊತ್ತಿತ್ತು, ಹಿಂದೆ ಓದಿದ್ದೆ:
ಅವನು ನಗುತ್ತಾನೆ, 'ಬಿಡು, ವಜ್ರದ್ದೇ ಕೊಡಿಸುತ್ತೇನೆ' ಎನ್ನುತ್ತಾನೆ,
ತೋಳು ಹಿಡಿದು ಎಳೆಯುತ್ತಾನೆ.
ಹೇಮ್ಲಾನಾಯ್ಕನಿಗೆ ಹೇಳಲಿಲ್ಲ.

ಮೂರನೇ ದಿನ ಪುಸ್ತಕ ಬಂತು.
ಒಳಗೊಂದು ರೈಲ್ವೆ ಫಾರಂ. ಮುಂದೆ ವ್ಯಾಗನ್ ನಂಬರುಗಳು,
ಹಿಂದೆ ದುಂಡಗಿನ ಅಕ್ಷರ:

'ಅವನು ಲಾಟೀನು ನೆಲದವರೆಗೂ ತಗ್ಗಿಸಿದ.
ಯಾವ ಕಡೆಯಿಂದ ನಡೆದು ಬಂದಿರಿ ಎಂದು ಕೇಳಿದ.
ಅವಳು ಹೇಳಿದಳು. ಹೇಳುತ್ತ ಹೇಳುತ್ತ
ಓಲೆಯ ಮಾತು ಬಿಟ್ಟು ಅದನ್ನು ಕೊಟ್ಟ ಸೋದರತ್ತೆಯ ಮಾತಿಗೆ,
ಅತ್ತೆಯಿಂದ ಅವಳ ಕುಂಟು ಮೇಕೆಗೆ ಹೋದಳು.
ಅವನು ಹುಡುಕುವುದನ್ನೂ ಬಿಡಲಿಲ್ಲ, ಕೇಳುವುದನ್ನೂ ಬಿಡಲಿಲ್ಲ.
ಹನ್ನೊಂದು ನಲವತ್ತರ ಗಾಡಿ ಹೋಯಿತು.
ಮೇಕೆಯ ಹೆಸರೇನು ಎಂದ.
ಓಲೆ ಸಿಗಲಿಲ್ಲ.
ಬೆಳಕಾದ ಮೇಲೆ ಮತ್ತೊಮ್ಮೆ ನೋಡೋಣ ಎಂದ.'

ಕಾಗುಣಿತ ಎರಡು ಕಡೆ ತಪ್ಪಿತ್ತು. ತಿದ್ದಲಿಲ್ಲ.
'ಸಿಕ್ಕಿತು ಅಂತ ಬರೀಬಹುದಿತ್ತಲ್ಲಪ್ಪ?'
ಚಪ್ಪಲಿ ನೋಡುತ್ತ ನಿಂತ.
'ಸಿಕ್ಕಿದ್ರೆ ಅವನು ದೊಡ್ಡೋನಾಗ್ಬಿಡ್ತಾನಮ್ಮ.
ಆಮೇಲೆ ಅವಳದ್ದು ಪ್ರೀತಿಯೋ ಋಣವೋ, ಹೇಗೆ ಗೊತ್ತಾಗ್ಬೇಕು?'

ಹೊಲಿದು ಸೇರಿಸಿದೆ.
ಈಗ ಆ ಪುಸ್ತಕ ಬೆನ್ನ ಮೇಲೆ ನಿಲ್ಲಿಸಿದರೆ
ನೇರ ಆ ಫಾರಮ್ಮಿಗೇ ಬೀಳುತ್ತದೆ.
ಅರಿಸಿನದ ಒಂದು ಹೆಬ್ಬೆಟ್ಟು, ಮುಲಾಮಿನ ವಾಸನೆ,
ಹೊಲಿಗೆ ಯಂತ್ರದ ಎಣ್ಣೆ.
ಮಾರ್ಥಾ ಬರೆದದ್ದು ಒಂದೇ: 'ಹೂಂ.'
ದಿಲ್‌ಶಾದ್ ಏನೂ ಬರೆಯದೆ
ಒಂಬತ್ತು ದಿನದ ದಂಡ ಕಟ್ಟಿದಳು.
ತಾಯಮ್ಮ ಕೇಳಿದ್ದು, 'ಮೇಕೆ ಹೆಸರು ಹೇಳಿದ್ಲಾ?'

ಬೀರೂರಿಗೆ ವರ್ಗವಾದಾಗ
ಹೇಮ್ಲಾನಾಯ್ಕ ಬಾಕಿ ತೀರಿಸಿ, ಬಾಗಿಲಲ್ಲಿ ತಡೆದು,
'ಹಾಳೆ ಹೋದದ್ದು ಇನ್ನೊಂದು ಇದ್ದರೆ' ಎಂದ.
ಇಲ್ಲವಲ್ಲಪ್ಪ, ಭಾನುವಾರ ಬಾ, ಹುಡುಕಿಡುತ್ತೇನೆ ಅಂದೆ.
ಅವನು ತಿರುವು ದಾಟುವವರೆಗೂ ನೋಡಿ
ಕತ್ತರಿ ಎಲ್ಲಿಟ್ಟೆನೆಂದು
ತಡಕಾಡಿದೆ.