ಮುಂದುವರಿಯುವುದು

ಹಂದರ ನನ್ನದು, ಬೀಜ ನನ್ನದು.
ಒಂದು ರಾತ್ರಿ ಒದ್ದೆ ಬಟ್ಟೆಯಲ್ಲಿ ಮಲಗಿಸಿ,
ಮೂತಿಯನ್ನು ಉಗುರುಕತ್ತರಿಯಿಂದ ತುಸುವೇ ಚಿವುಟಿ,
ಅಕ್ಟೋಬರಿನ ಕೊನೆಗೆ ಬಿದಿರುಬೇಲಿಯ ಬುಡದಲ್ಲಿ
ಊರಿದ್ದೂ ನಾನೇ.
ಆದರೆ ಬಳ್ಳಿಗೆ ಸರ್ವೇಯರನ ಹಗ್ಗ ಕಾಣುತ್ತದೆಯೇ?
ಹಿಡಿಯಲು ಸಿಕ್ಕಿದ್ದನ್ನು ಹಿಡಿಯಿತು,
ಆಚೆ ದಾಟಿತು.

ಆಚೆ ಎಪಿಫಾನಿಯಾ, ನನ್ನ ಓರಗಿತ್ತಿ.
ಹನ್ನೊಂದು ವರ್ಷದಿಂದ ಮಾತಿಲ್ಲ.
ಎರಡು ಮೊಳ ನೆಲ, ಒಂದು ಕಲ್ಲು,
ಅದನ್ನು ಸರಿಸಿದ್ದು ಯಾರೆಂಬ ಪ್ರಶ್ನೆ.
ಗಂಡಸರು ಮರುವಾರವೇ ಕಬ್ಬಿನ ಹೆಂಡಕ್ಕೆ ರಾಜಿಯಾದರು,
ಅಣ್ಣ ತಮ್ಮ ಒಂದೇ ಬೆಂಚು, ಒಂದೇ ಲೋಟ.
ನಾವು ಮಾತ್ರ ಆ ಕಲ್ಲನ್ನು
ಬಾಯಲ್ಲಿಟ್ಟುಕೊಂಡು ಉಳಿದೆವು.
ಹಾಗಲಕ್ಕೆ ಬೇವು ಸಾಕ್ಷಿ ಅನ್ನುತ್ತಾರೆ;
ಬಾದೋಕಿನ ಈ ಓಣಿಯಲ್ಲಿ ಬೇವಿಲ್ಲ,
ಇರುವುದೊಂದು ನುಗ್ಗೆಮರ, ಅದೂ ಗಡಿಯ ಮೇಲೆ,
ಎರಡೂ ಮನೆಯ ಸಾರಿಗೆ ಸೊಪ್ಪು ಉದುರಿಸಿ
ಯಾರ ಪರವೂ ನಿಲ್ಲದ್ದು.

ಮೊದಲು ಬರೀ ಗಂಡುಹೂ.
ಹದಿನೈದು ದಿನ ಹಳದಿಯ ಸುಳ್ಳು ಸಂಭ್ರಮ.
ಆಮೇಲೊಂದು ಬೆಳಿಗ್ಗೆ ಹೂವಿನ ಬೆನ್ನಿಗೆ
ಭತ್ತದ ಕಾಳಿನಷ್ಟು, ಆಗಲೇ ಮುಳ್ಳುಮುಳ್ಳು, ಹಾಗಲ.
ಅದರ ಹಿಂದೆಯೇ ಬಂತು ಕಾಯಿ ಚುಚ್ಚುವ ನೊಣ.
ಇಲ್ಲಿ ಎಳೆಗಾಯಿಗೆ ಹಳೆ ಕಾಗದದ ಅಂಗಿ ತೊಡಿಸುತ್ತೇವೆ.
ನಾನೂ ತೊಡಿಸಿದೆ, ಕೈಗೆ ಸಿಕ್ಕ ಸಿಮೆಂಟ್ ಚೀಲ ಹರಿದು.
ಆಚೆ ಇಳಿಬಿದ್ದವನ್ನು ದೇವರಿಗೆ ಬಿಟ್ಟೆ, ನೊಣಕ್ಕೂ.

ಭಾನುವಾರ ಚರ್ಚಿನಿಂದ ಬಂದು ನೋಡುತ್ತೇನೆ,
ಆಚೆಯ ಕಾಯಿಗಳಿಗೂ ಅಂಗಿ.
ವಾರಪತ್ರಿಕೆಯ ಹಾಳೆ, ಸೆಣಬಿನ ದಾರ, ಬಿಗಿಯಾಗಿ ಎರಡು ಗಂಟು.
ಅವಳ ಕೈಯ ಗಂಟು ನನಗೆ ಗೊತ್ತಿಲ್ಲವೇ,
ನನ್ನ ಚೊಚ್ಚಲ ಮಗುವಿನ ಹೊಕ್ಕುಳಬಳ್ಳಿ
ಕಟ್ಟಿದವಳು ಅವಳೇ.

ಬಲಿತದ್ದು ಒಂದು ಬೆಳಿಗ್ಗೆ ನನ್ನ ಅಂಗಳದಲ್ಲಿತ್ತು,
ಬೇಲಿಯ ಸಂದಿಯಿಂದ ದೂಡಿದ್ದು, ಅಂಗಿಯ ಸಮೇತ.
ಬಿಚ್ಚಿದೆ. ಒಳಗೆ ಕಾಯಿ, ಹೊರಗೆ ಕಥೆ.
ಧಾರಾವಾಹಿ, ಕಂತು ಒಂಬತ್ತು:
ತಂಬಾಕು ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗಿ
ಧಣಿಯ ಕಳ್ಳಲೆಕ್ಕ ಹಿಡಿದು, ಪುಸ್ತಕ ಎದೆಗವಚಿ,
ವೀಗನ್ ಕಡೆಯ ಬಸ್ಸು ಹತ್ತುತ್ತಾಳೆ.
ಮುಂದುವರಿಯುವುದು.

ಮುಂದುವರಿಯಿತು ಕೂಡ. ಗುರುವಾರದ ಕಾಯಿಗೆ ಕಂತು ಹತ್ತು.
ಹನ್ನೊಂದರಲ್ಲಿ ಹುಳು ಕೊರೆದು ಧಣಿಯ ಹೆಸರೇ ಇಲ್ಲ. ಹೋಗಲಿ.
ಲೆಕ್ಕವಿಟ್ಟೇ ಕಟ್ಟಿದಳೋ, ಕಟ್ಟಿನಿಂದ ಬಂದ ಹಾಗೆ ಹರಿದಳೋ,
ಇವತ್ತಿಗೂ ಕೇಳಿಲ್ಲ.

ಗಡಿಗೆಯ ವಿಷಯ ಹೇಳಬೇಕು.
ನಮ್ಮ ಪಿನಕ್ಬೆತ್‌ಗೆ ತಳದಲ್ಲಿ ಟೊಮೆಟೊ, ಶುಂಠಿ,
ಹುದುಗು ಬಂದ ಮೀನಿನ ರಸ,
ಮೇಲೆ ಬದನೆ, ಬೆಂಡೆ, ಅಲಸಂದೆ,
ಎಲ್ಲಕ್ಕೂ ಮೇಲೆ ತೊಟ್ಟು ಬಿಡದ ಹಾಗೆ
ನಾಲ್ಕು ಸೀಳಿದ ಗಿಡ್ಡ ಹಾಗಲ.
ಮುಚ್ಚಿದ ಮೇಲೆ ಸೌಟು ಮುಟ್ಟಕೂಡದು.
ಕಲಕಿದರೆ ಕಹಿ ಎಲ್ಲಕ್ಕೂ ಹತ್ತುತ್ತದೆ, ಅನ್ನುತ್ತಿದ್ದಳು ಅತ್ತೆ,
ಕಂಠ ಹಿಡಿದು ಎರಡು ಸಲ ಕುಲುಕು, ಸಾಕು,
ತಾವೇ ಸುಕ್ಕಿ ತಾವೇ ಜಾಗ ಮಾಡಿಕೊಳ್ಳುತ್ತವೆ.
ಇಬ್ಬರು ಸೊಸೆಯರಿಗೂ ಅದೇ ಮಾತು, ಅದೇ ಒಲೆಯ ಮುಂದೆ.
ಒಂದು ಬಟ್ಟಲು ತುಂಬಿ ಬೇಲಿಯ ಸಂದಿಯಲ್ಲಿಟ್ಟೆ.
ಬಟ್ಟಲು ತೊಳೆದು ಬಂತು, ಒಳಗೆ ಎರಡು ಬೆಳ್ಳುಳ್ಳಿ ಗಡ್ಡೆ.
ಮಾತು ಬರಲಿಲ್ಲ.

ಕೊನೆಯ ಕಾಯಿ ಬೇಲಿಯ ನೆತ್ತಿಯ ಮೇಲೆಯೇ ಇತ್ತು.
ಅವಳದೆಂದು ನಾನು ಬಿಟ್ಟೆ, ನನ್ನದೆಂದು ಅವಳು.
ಅದರ ಮೈಮೇಲೆ ಕೊನೆಯ ಕಂತು.
ಇಬ್ಬನಿ ನೆನೆಸಿತು, ಬಡಗಣ ಗಾಳಿ ಹರಿಯಿತು,
ಒಂದು ಮಧ್ಯಾಹ್ನ ಕಾಯಿ ಕಿತ್ತಳೆಗೆ ತಿರುಗಿ
ಮೂರು ಹೋಳಾಗಿ ಬಾಯಿ ಬಿಟ್ಟಿತು.
ಮೊಮ್ಮಗ ಒಂದು ಕೆಂಪು ಬೀಜ ಚೀಪಿ ಕಣ್ಣರಳಿಸಿದ:
ಅಜ್ಜಿ, ಇದು ಸಿಹಿ!
ನನಗದು ಗೊತ್ತಿದ್ದದ್ದೇ. ನನಗೆ ಬೇಕಿದ್ದದ್ದು ಅಕ್ಷರ.
ಚಿಂದಿಯಲ್ಲಿ ಉಳಿದದ್ದು ‘ರಸೀದಿ’ ಎಂಬ ಪದ,
ಮತ್ತೆ ಒಂದು ಅಲ್ಪವಿರಾಮ.

ಅವಳು ಆಚೆ ಬಟ್ಟೆ ಒಣಹಾಕುತ್ತಿದ್ದಳು, ಬೆನ್ನು ನನ್ನ ಕಡೆಗೆ.
ಗಂಟಲು ಸರಿಮಾಡಿಕೊಂಡೆ.
ಹನ್ನೊಂದು ವರ್ಷದ ಕಲ್ಲು ತುಸು ಹೊರಳಿತು.
“ಆ ಹುಡುಗಿ,” ಅಂದೆ,
“ಲೆಕ್ಕದ ಪುಸ್ತಕ ಕೊನೆಗೆ ಯಾರ ಕೈಗೆ ಕೊಟ್ಟಳು?”

ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡೇ
ಅವಳು ತಿರುಗಿದಳು.